ಗಾಡಿ ಮಾಡಿಸಿದ್ದು

ವಸ್ತುವನ್ನು ಕೊಳ್ಳುವುದು ಬೇರೆ, ಮಾಡಿಸಿಕೊಳ್ಳುವುದು ಬೇರೆ. ಸಂತೆಯಲ್ಲಿ ಮಡಕೆಯನ್ನು ತಟ್ಟಿ ನೋಡಿ ಕೊಳ್ಳುತ್ತೇವೆ. ಹಣ ಕೊಟ್ಟೊಡನೆ ಮಾರಿದವನಿಗೂ ನಮಗೂ ಇದ್ದ ಸಂಬಂಧ ಬಹುಮಟ್ಟಿಗೆ ಮುಗಿಯುತ್ತದೆ. ಆದರೆ ನಮ್ಮ ಅಗತ್ಯಕ್ಕೂ ಮನಸ್ಸಿಗೂ ಒಪ್ಪುವಂತೆ ಒಂದು ವಸ್ತುವನ್ನು ಮಾಡಿಸಹೊರಟಾಗ ಆ ಸಂಬಂಧವು ವಸ್ತು ಹುಟ್ಟುವುದಕ್ಕೆ ಮೊದಲೇ ಆರಂಭವಾಗಿ, ಅದು ಸವೆದುಹೋಗುವವರೆಗೂ ಉಳಿಯುತ್ತದೆ. ಈ ಮಾತಿನ ಅರ್ಥ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ನಮ್ಮ ಮನೆಯ ಎತ್ತಿನ ಗಾಡಿಯಿಂದ.

ಕೃಷ್ಣರಾಜನಗರ ತಾಲ್ಲೂಕಿನ ನಾಲೆಯ ಬಯಲಿನಲ್ಲಿ ಒಂದು ಹಳ್ಳಿ ನಮ್ಮದು. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ನಮ್ಮ ತಂದೆಯವರು ಹೊಸ ಗಾಡಿಯನ್ನು ಮಾಡಿಸಲು ನಿಶ್ಚಯಿಸಿದರು. ಗಾಡಿಯ ಕೆಲಸಕ್ಕೆ ನಮ್ಮ ಸೀಮೆ ಹಿಂದಿನಿಂದಲೂ ಹೆಸರಾದದ್ದು. 19ನೆಯ ಶತಮಾನದಲ್ಲಿ ಹುಣಸೂರಿನಲ್ಲಿ ಅಮೃತಮಹಲ್ ದನಗಳ ಕೇಂದ್ರವೂ ಸೈನ್ಯಕ್ಕೆ ಸಾಮಗ್ರಿ ಒದಗಿಸುವ ಕಾರ್ಖಾನೆಗಳೂ ಇದ್ದವು. ಚರ್ಮ ಹದಮಾಡುವ, ಕಂಬಳಿ ನೇಯುವ, ಗಾಡಿ ಕಟ್ಟುವ ಕೆಲಸಗಳು ಅಲ್ಲಿ ನಡೆಯುತ್ತಿದ್ದವು. 1864ರಲ್ಲಿ ಆ ಸಂಸ್ಥೆಯನ್ನು ಮುಚ್ಚಿದರೂ ಅಲ್ಲಿ ಪಳಗಿದ ಕೈಗಳ ವಿದ್ಯೆ ಮರೆಯಾಗಲಿಲ್ಲ. ಹುಣಸೂರಿನ ಗಾಡಿಗಳಿಗೆ ಆಮೇಲೂ ಬೇಡಿಕೆಯಿತ್ತು.

ಕರೆಕಳುಹಿಸಿದ ಮೂರನೆಯ ದಿನ ಬಡಗಿಯವರು ಬಂದರು. ಅವರನ್ನು ಊರೆಲ್ಲ ‘ಆಚಾರ್ರು’ ಎಂದೇ ಕರೆಯುತ್ತಿತ್ತು. ಬಂದವರು ಮರದ ಮಾತನ್ನೂ ಆಡಲಿಲ್ಲ, ಹಣದ ಮಾತನ್ನೂ ಆಡಲಿಲ್ಲ. ನೇರವಾಗಿ ಕೊಟ್ಟಿಗೆಗೆ ಹೋದರು. ಎರಡು ಎತ್ತುಗಳ ಎತ್ತರವನ್ನೂ ಹೆಗಲ ಅಗಲವನ್ನೂ ಹುರಿಯಿಂದ ಅಳೆದು, ಅಳತೆಗೊಂದರಂತೆ ಗಂಟು ಹಾಕಿಕೊಂಡರು. ಬಳಿಕ ಜಗಲಿಯಲ್ಲಿ ಕುಳಿತು ಪ್ರಶ್ನೆಗಳನ್ನು ಕೇಳತೊಡಗಿದರು. ಗಾಡಿ ಗದ್ದೆಯ ಕೆಸರಿಗೆ ಇಳಿಯುತ್ತದೆಯೋ, ಕಲ್ಲುದಾರಿಯಲ್ಲಿ ಓಡುತ್ತದೆಯೋ? ಭತ್ತದ ಮೂಟೆ ಹೆಚ್ಚೋ, ಕಬ್ಬು ಹೆಚ್ಚೋ? ಹೆಂಗಸರು ಮಕ್ಕಳು ಕೂರುವುದುಂಟೋ? ಒಂದು ಗಳಿಗೆಯೊಳಗೆ ಅವರು ನಮ್ಮ ಸಂಸಾರದ ಒಂದು ವರ್ಷದ ಬಾಳನ್ನೇ ತಿಳಿದುಕೊಂಡರು.

ತಂದೆಯವರಿಗೆ ಒಂದು ಆಸೆಯಿತ್ತು. ಒಂದೇ ಸಲಕ್ಕೆ ಹೆಚ್ಚು ಹೊರೆ ಸಾಗಬೇಕೆಂದು, ಗಾಡಿಯ ಹಿಂಭಾಗವನ್ನು ಎರಡು ಮೊಳ ಉದ್ದ ಮಾಡಬೇಕೆಂದು ಅವರು ಹೇಳಿದರು. ಆಚಾರ್ರು ತಲೆಯಾಡಿಸಿದರು.

“ಆಗಾಕಿಲ್ಲ ಗೌಡ್ರೇ. ಹಿಂಭಾರ ಆಯ್ತದೆ.”

“ದುಡ್ಡು ಕೊಡೋನು ನಾನು ಕಣ್ರೀ ಆಚಾರ್ರೇ!”

“ದುಡ್ಡು ನಿಮ್ದು ಗೌಡ್ರೇ, ಕುತ್ಗೆ ಎತ್ತಿಂದು.”

ತಂದೆಯವರು ಸಿಟ್ಟಿನಿಂದ ಎದ್ದುಹೋದರು. ಆ ಮಾತಿನ ಮರ್ಮವನ್ನು ನನಗೆ ಆಮೇಲೆ ವಿವರಿಸಿದವರು ನಮ್ಮ ಅಜ್ಜ. ಹೊರೆಯ ಭಾರ ಅಚ್ಚಿನಿಂದ ಮುಂದಕ್ಕೆ ಹೆಚ್ಚಾಗಿ ಬಿದ್ದರೆ ನೊಗ ಎತ್ತುಗಳ ಹೆಗಲನ್ನು ಒತ್ತಿ ಹುಣ್ಣು ಮಾಡುತ್ತದೆ. ಹಿಂದಕ್ಕೆ ಬಿದ್ದರೆ ನೊಗ ಮೇಲೆದ್ದು, ಕೊರಳಿಗೆ ಕಟ್ಟಿದ ಹಗ್ಗ ಉಸಿರನ್ನು ಬಿಗಿಯುತ್ತದೆ. ಎರಡಕ್ಕೂ ನಡುವಣ ಸಮತೂಕವನ್ನು ಕಾಯುವುದೇ ಗಾಡಿ ಕಟ್ಟುವವನ ವಿದ್ಯೆ.

ಎಂಟು ದಿನಗಳ ಮೇಲೆ ತಂದೆಯವರೇ ಆಚಾರ್ರ ಮನೆಗೆ ಹೋಗಿಬಂದರು. ಗಾಡಿಯ ಉದ್ದ ಹೆಚ್ಚಲಿಲ್ಲ. ಆದರೆ ಉಳಿದ ಬಯಕೆಗಳೆಲ್ಲ ನೆರವೇರಿದವು. ಅಜ್ಜಿ ಹತ್ತಲು ಹಿಂದುಗಡೆ ಒಂದು ತಗ್ಗು ಮೆಟ್ಟಿಲು, ಚುಂಚನಕಟ್ಟೆಯ ಜಾತ್ರೆಗೆ ಹೋಗುವಾಗ ಬಿದಿರಿನ ಕಮಾನು ಕಟ್ಟಲು ಅಂಚಿನಲ್ಲಿ ಬಳೆಗಳು, ಮೂಕಿಯ ತುದಿಯಲ್ಲಿ ತಾಯಿ ಬಯಸಿದ ಒಂದು ಕಮಲದ ಹೂವು. ಹೂವಿನ ಕೆತ್ತನೆಗೆ ಎರಡು ದಿನ ಹಿಡಿಯಿತು. ಅದಕ್ಕೆ ಆಚಾರ್ರು ಬೇರೆ ಕೂಲಿಯನ್ನು ಕೇಳಲಿಲ್ಲ.

ಚಕ್ರಕ್ಕೆ ಪಟ್ಟಿ ಕೂರಿಸಿದ ದಿನ ಊರಿನ ಮಕ್ಕಳೆಲ್ಲ ಸೇರಿದ್ದೆವು. ಚಕ್ರದ ಸುತ್ತಳತೆಗಿಂತ ತುಸು ಕಿರಿದಾದ ಕಬ್ಬಿಣದ ಪಟ್ಟಿಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರು. ಕಾದ ಕಬ್ಬಿಣ ಹಿಗ್ಗಿತು. ಅದನ್ನು ಇಕ್ಕಳಗಳಿಂದ ಎತ್ತಿ ಚಕ್ರಕ್ಕೆ ತೊಡಿಸಿ ನೀರು ಸುರಿದೊಡನೆ ಕುಗ್ಗಿ, ಮರದ ತುಂಡುಗಳನ್ನೆಲ್ಲ ಬಿಗಿಯಾಗಿ ಅಪ್ಪಿಕೊಂಡಿತು. ಬೇಸಗೆಯಲ್ಲಿ ಮರ ಒಣಗಿ ಪಟ್ಟಿ ಸಡಿಲವಾಗುವುದುಂಟು. ಆಗ ಚಕ್ರಗಳನ್ನು ನೀರಿನಲ್ಲಿ ನೆನೆಯಿಡಬೇಕು. ಅದನ್ನು ನೆನಪಿಸಲು ಆಚಾರ್ರು ವರ್ಷಕ್ಕೊಮ್ಮೆ ತಾವಾಗಿಯೇ ಬಂದು, ಕಡಾಣಿಯಿಂದ ನೊಗದವರೆಗೆ ಕೈಯಾಡಿಸಿ ನೋಡಿ ಹೋಗುತ್ತಿದ್ದರು. ಸುಗ್ಗಿಯಲ್ಲಿ ಅವರ ಪಾಲಿನ ಭತ್ತ ಕಣದಿಂದಲೇ ಅವರ ಮನೆಗೆ ಹೋಗುತ್ತಿತ್ತು.

ದೊಡ್ಡ ಬೆಲೆಯ ವಾಹನಗಳ ಲೋಕದಲ್ಲಿಯೂ ಈ ರೀತಿ ಉಂಟು. 1904ರಲ್ಲಿ ಜೊತೆಗೂಡಿದ ರೋಲ್ಸ್ ಮತ್ತು ರಾಯ್ಸ್ ಎಂಬ ಆಂಗ್ಲರ ಸಂಸ್ಥೆಯು ಮೊದಲ ಕೆಲವು ದಶಕಗಳಲ್ಲಿ ಎಂಜಿನ್ನನ್ನೂ ಅಡಿಗಟ್ಟನ್ನೂ ಮಾತ್ರ ಮಾರುತ್ತಿತ್ತು. ಮೇಲಿನ ಮೈಯನ್ನು ಕೊಂಡವರು ತಮ್ಮ ಇಚ್ಛೆಯಂತೆ ಬೇರೆ ಕುಶಲಿಗಳಿಂದ ಕಟ್ಟಿಸಿಕೊಳ್ಳುತ್ತಿದ್ದರು. ಭಾರತದ ಅರಸರಲ್ಲಿ ಅನೇಕರು ಹೀಗೆ ಕಾರುಗಳನ್ನು ಮಾಡಿಸಿಕೊಂಡರು. 1947ರಲ್ಲಿ ತನ್ನ ಹೆಸರಿನ ಮೊದಲ ಕಾರನ್ನು ಹೊರತಂದ ಇಟಲಿಯ ಫೆರಾರಿ ಸಂಸ್ಥೆಯು, ಬಣ್ಣ, ಆಸನದ ಚರ್ಮ, ಹೊಲಿಗೆಯ ದಾರ ಇವುಗಳನ್ನು ಗ್ರಾಹಕನೇ ಕುಶಲಿಗಳೊಡನೆ ಕುಳಿತು ಆರಿಸಿಕೊಳ್ಳುವಂತೆ 2011ರಲ್ಲಿ ಒಂದು ವಿಶೇಷ ಏರ್ಪಾಟನ್ನೇ ಮಾಡಿತು.

ಅದೇ ದೇಶದ ಫೆರುಚ್ಚೊ ಲ್ಯಾಂಬೊರ್ಗಿನಿ ಎಂಬವರು 1948ರಲ್ಲಿ ಟ್ರ್ಯಾಕ್ಟರ್ ತಯಾರಿಕೆಗೆ ತೊಡಗಿ ಹಣ ಗಳಿಸಿದವರು. ತಾವು ಕೊಂಡ ಫೆರಾರಿ ಕಾರಿನ ಕ್ಲಚ್ಚಿನ ದೋಷವನ್ನು ಹೇಳಲು ಹೋದಾಗ, ಟ್ರ್ಯಾಕ್ಟರ್ ಓಡಿಸುವವರಿಗೆ ಕಾರಿನ ವಿಷಯವೇನು ಗೊತ್ತು ಎಂಬಂಥ ಉತ್ತರ ಅವರಿಗೆ ದೊರೆಯಿತೆಂದು ಒಂದು ಕಥೆ ಪ್ರಚಾರದಲ್ಲಿದೆ. ಕಥೆ ಎಷ್ಟು ನಿಜವೋ, 1963ರಲ್ಲಿ ಅವರು ತಮ್ಮದೇ ಕಾರಿನ ಕಾರ್ಖಾನೆಯನ್ನು ಸ್ಥಾಪಿಸಿದ್ದಂತೂ ನಿಜ.

ಈ ಕಥೆಯನ್ನು ಓದಿದಾಗ ನನಗೆ ನಮ್ಮ ಆಚಾರ್ರ ನೆನಪಾಯಿತು. ಅವರೂ ಗ್ರಾಹಕನ ಮಾತನ್ನು ತಳ್ಳಿಹಾಕಿದ್ದರು. ಆದರೆ ವ್ಯತ್ಯಾಸವನ್ನು ಗಮನಿಸಬೇಕು. ತಿರಸ್ಕಾರದಿಂದ ಹೇಳಿದ ‘ಇಲ್ಲ’ ಸಂಬಂಧವನ್ನು ಕಡಿಯುತ್ತದೆ. ಕಾಳಜಿಯಿಂದ, ಕಾರಣ ಸಹಿತ ಹೇಳಿದ ‘ಇಲ್ಲ’ ಅದನ್ನು ಗಟ್ಟಿಗೊಳಿಸುತ್ತದೆ. ಕೊಳ್ಳುವವನನ್ನು ಗೌರವಿಸುವುದೆಂದರೆ ಅವನು ಕೇಳಿದ್ದಕ್ಕೆಲ್ಲ ಹೂಗುಟ್ಟುವುದಲ್ಲ. ಮಾಡುವವನಿಗೂ ಮಾಡಿಸುವವನಿಗೂ ನಡುವೆ, ಮಾತನಾಡಲಾರದ ಮೂರನೆಯವರೊಬ್ಬರು ಯಾವಾಗಲೂ ಇರುತ್ತಾರೆ. ಗಾಡಿಯ ಮಟ್ಟಿಗೆ ಅದು ಎತ್ತು. ವೇಗದ ಕಾರಿನ ಮಟ್ಟಿಗೆ ರಸ್ತೆಯ ಬದಿಯಲ್ಲಿ ನಡೆದುಹೋಗುವ ಶಾಲೆಯ ಮಗು.

ನಮ್ಮ ಮನೆಯ ಗಾಡಿ ಇಪ್ಪತ್ತು ವರ್ಷಕ್ಕೂ ಮೀರಿ ದುಡಿಯಿತು. ಆಮೇಲೆ ಟ್ರ್ಯಾಕ್ಟರ್ ಬಂದಿತು, ಆಚಾರ್ರೂ ತೀರಿಕೊಂಡರು. ಗಾಡಿಯನ್ನು ಕಳಚಿದಾಗ ತಂದೆಯವರು ಕಮಲದ ಹೂವಿದ್ದ ಮರದ ತುಂಡನ್ನು ತೆಗೆದಿರಿಸಿಕೊಂಡರು. ಬಂದವರಿಗೆ ಅದನ್ನು ತೋರಿಸುವಾಗಲೆಲ್ಲ ಅವರು ಹೂವಿನ ಅಂದವನ್ನು ಹೊಗಳುತ್ತಿರಲಿಲ್ಲ. “ಆ ಗಾಡಿ ಹೂಡಿದಷ್ಟು ಕಾಲ ನಮ್ಮ ಎತ್ತಿನ ಹೆಗಲ ಮೇಲೆ ಒಂದು ಹುಣ್ಣು ಆಗಲಿಲ್ಲ” ಎನ್ನುತ್ತಿದ್ದರು.