ಕೇಳಿದ್ದು ಸಾಕು, ಕಾಳು ಎಣಿಸಿ

ಚಿಟಗುಪ್ಪದ ಕಡೆ ಮಿರಗದ ಮಳೆಗಿಂತ ಮೊದಲು ಸಲಹೆಗಳೇ ಸುರಿಯುತ್ತವೆ. ಅಂಗಡಿಯವರು ಸೋಯಾ ಅನ್ನುತ್ತಾರೆ, ಕಾಕಾ ತೊಗರಿ ಅನ್ನುತ್ತಾರೆ, ಮೊಬೈಲು ಮತ್ತೊಂದು ಹೇಳುತ್ತದೆ. ಎಲ್ಲರಿಗೂ ತಲೆಯಾಡಿಸಿ ರಾತ್ರಿಯೆಲ್ಲ ಹೊರಳಾಡಬೇಡಿ. ತಲೆ ಕೆಟ್ಟ ದಿನ ಏನನ್ನೂ ಕೊಳ್ಳಬೇಡಿ, ಸಾಲದ ಕಾಗದಕ್ಕಂತೂ ಸಹಿ ಬೇಡವೇ ಬೇಡ. ಕಾಕಾ ಮುನಿಸಿಕೊಂಡರೆ ಚಹಾ ಕುಡಿಸಿದರಾಯಿತು.

ಸೋಯಾ ಬಿತ್ತುವುದಾದರೆ 100 ಕಾಳು ಎಣಿಸಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿಡಿ. ಆರದಂತೆ ನೀರು ಚಿಮುಕಿಸುತ್ತಿರಿ. ನಾಲ್ಕೈದು ದಿನಕ್ಕೆ 70 ಮೊಳೆತರೆ ಧೈರ್ಯವಾಗಿ ಬಿತ್ತಿ. ತೀರಾ ಕಡಿಮೆಯಾದರೆ ಬೀಜ ಬದಲಿಸಿ. ಉಳಿದ ಅನುಮಾನವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಅಲ್ಲಿಗೇ ಬಿಡಿ. ಅದನ್ನೇ ಹತ್ತು ಕಡೆ ಕೇಳಿದರೆ ಹೆದರಿಕೆಯೇ ಬೆಳೆಯುತ್ತದೆ. ಇನ್ನು, ಬಿತ್ತಿದ ಮೇಲೆ ಪಕ್ಕದ ಹೊಲ ನೋಡಿ ಕೊರಗುವುದು ಬೇಡ. ಆ ಲೆಕ್ಕ ಬರುವ ವರ್ಷಕ್ಕಿರಲಿ.