ಆ ಪ್ಯಾರಾಚೂಟ್‌ಗೆ ಸಹಿ ಹಾಕುವವರು ಯಾರು?

ಯುದ್ಧವಿಮಾನಗಳ ಬಗ್ಗೆ ನಿಮಗೆ ಏನೂ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಒಂದು ಬೆಂಕಿಕಡ್ಡಿಯಿಂದ ಶುರುಮಾಡೋಣ. ಕಡ್ಡಿ ಹೊತ್ತಿಕೊಳ್ಳುತ್ತದೋ ಇಲ್ಲವೋ ತಿಳಿಯಬೇಕಾದರೆ ಗೀರಬೇಕು. ಗೀರಿದರೆ ಕಡ್ಡಿಯೇ ಮುಗಿಯಿತು. ಎಜೆಕ್ಷನ್ ಸೀಟಿನದೂ ಇದೇ ಕಥೆ. ಅಪಾಯದ ಗಳಿಗೆಯಲ್ಲಿ ಪೈಲಟ್‌ನನ್ನು ಕೂತಲ್ಲಿಂದಲೇ ವಿಮಾನದ ಹೊರಕ್ಕೆ ಚಿಮ್ಮಿಸುವ ಆಸನ ಅದು. ಅದರ ಸಿಡಿಮದ್ದನ್ನು ಒಮ್ಮೆ ಸಿಡಿಸಿ ನೋಡಿ, ಮತ್ತೆ ಅಲ್ಲೇ ಇಟ್ಟು ಹಾರಲಾಗದು. ಹಾಗಾದರೆ ಇದು ನಾಳೆ ಕೆಲಸ ಮಾಡುತ್ತದೆ ಎಂದು ಯಾರು, ಯಾವ ಧೈರ್ಯದ ಮೇಲೆ ಸಹಿ ಹಾಕುತ್ತಾರೆ?

ಮೊದಲು ಸೀಟು ಕೆಲಸ ಮಾಡುವ ಬಗೆ ನೋಡಿ. ಪೈಲಟ್ ಹಿಡಿ ಎಳೆದ ಕೂಡಲೇ ಸೀಟು ಮೇಲಕ್ಕೆ ಹಾರುತ್ತದೆ. ಆಮೇಲೆ ಡ್ರೋಗ್ ಎಂಬ ಪುಟ್ಟ ಪ್ಯಾರಾಚೂಟ್ ಹೊರಬಂದು, ಪಲ್ಟಿ ಹೊಡೆಯುವ ಸೀಟನ್ನು ನೆಟ್ಟಗೆ ನಿಲ್ಲಿಸುತ್ತದೆ. ಎತ್ತರ ಮತ್ತು ಸಮಯ ನೋಡಿಕೊಂಡು ಒಂದು ಕೊಂಡಿ ಬಿಚ್ಚಿಕೊಳ್ಳುತ್ತದೆ. ಕೊಂಡಿ ಬಿಟ್ಟಾಗ ಡ್ರೋಗ್ ತನ್ನ ಹಿಂದೆ ದೊಡ್ಡ ಪ್ಯಾರಾಚೂಟನ್ನು ಎಳೆದು ಬಿಡಿಸುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಇದರಲ್ಲಿ ಬಹುಪಾಲು ಮುಗಿದಿರುತ್ತದೆ.

ಆ ಕೊಂಡಿಯ ಬಳಿ ಸ್ವಲ್ಪ ನಿಲ್ಲೋಣ. 2011ರ ನವೆಂಬರ್ 8ರಂದು ಇಂಗ್ಲೆಂಡಿನ ಸ್ಕ್ಯಾಂಪ್ಟನ್ ವಾಯುನೆಲೆಯಲ್ಲಿ, ಬ್ರಿಟಿಷ್ ವಾಯುಪಡೆಯ ವೈಮಾನಿಕ ಕಸರತ್ತಿನ ರೆಡ್ ಆರೋಸ್ ತಂಡದ ಫ್ಲೈಟ್ ಲೆಫ್ಟಿನೆಂಟ್ ಶಾನ್ ಕನ್ನಿಂಗ್‌ಹ್ಯಾಮ್ ತಮ್ಮ ಹಾಕ್ ವಿಮಾನದಲ್ಲಿ ಕೂತಿದ್ದರು. ವಿಮಾನ ಇನ್ನೂ ನೆಲದ ಮೇಲೇ ಇತ್ತು. ಅವರು ಉದ್ದೇಶಿಸದೆಯೇ ಸೀಟು ಸಿಡಿಯಿತು. ನಿಂತ ವಿಮಾನದಿಂದ ಹಾರಿದರೂ ಪ್ರಾಣ ಉಳಿಸುವಂತೆಯೇ ರೂಪಿಸಿದ ಸೀಟು ಅದು. ಆದರೆ ದೊಡ್ಡ ಪ್ಯಾರಾಚೂಟ್ ಬಿಚ್ಚಿಕೊಳ್ಳಲೇ ಇಲ್ಲ. ಕೊಂಡಿಯ ಬೋಲ್ಟನ್ನು ಅಗತ್ಯಕ್ಕಿಂತ ಬಿಗಿ ಮಾಡಲಾಗಿತ್ತು, ಕೊಂಡಿ ಸಿಕ್ಕಿಕೊಂಡಿತ್ತು. ಅವರು ಸೀಟಿನ ಸಮೇತ ನೆಲಕ್ಕೆ ಬಿದ್ದು ತೀರಿಕೊಂಡರು.

ನಟ್ಟು ಬಿಗಿಯಾಗಿದ್ದಷ್ಟೂ ಭದ್ರ ಎಂದು ನೀವೂ ನಾನೂ ನಂಬಿರುತ್ತೇವೆ. ಸ್ಪ್ಯಾನರ್ ಹಿಡಿದ ಕೈಯೂ ಹಾಗೇ ನಂಬಿರಬಹುದು. ಇಲ್ಲಿ ಆ ಬಿಗಿಯೇ ಮುಳುವಾಯಿತು. ಈ ಅಪಾಯ ತಯಾರಕರಿಗೆ ಮೊದಲೇ ಗೊತ್ತಿತ್ತು, ಆದರೆ ಎಚ್ಚರಿಕೆ ವಾಯುಪಡೆಗೆ ತಲುಪಿರಲಿಲ್ಲ. 2018ರಲ್ಲಿ ಆ ಸೀಟು ತಯಾರಿಸಿದ ಮಾರ್ಟಿನ್-ಬೇಕರ್ ಕಂಪನಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. 11 ಲಕ್ಷ ಪೌಂಡ್ ದಂಡ ಬಿತ್ತು. ಸಾವಿರಾರು ಪೈಲಟ್‌ಗಳ ಪ್ರಾಣ ಉಳಿಸಿದ ಕಂಪನಿ ಅದು, ಇದನ್ನೂ ಮರೆಯಬಾರದು. ಇಷ್ಟು ನುರಿತವರಲ್ಲೂ ಒಂದು ಮಾತು ದಾಟದೆ ಉಳಿಯಬಹುದು ಎಂಬುದೇ ನನ್ನನ್ನು ಕಾಡುತ್ತದೆ.

ಇನ್ನು ಸಹಿಯ ವಿಷಯಕ್ಕೆ ಬರೋಣ. ಮೊದಲ ಸಹಿ ವಿನ್ಯಾಸದ್ದು. ರಾಕೆಟ್ ಕಟ್ಟಿದ ಬಂಡಿಯನ್ನು ಹಳಿಯ ಮೇಲೆ ಓಡಿಸಿ, ಅದರಿಂದ ಗೊಂಬೆಯನ್ನು ಎಜೆಕ್ಟ್ ಮಾಡಿ ನೋಡುತ್ತಾರೆ. ನಮ್ಮ ದೇಶದಲ್ಲಿ ಅಂಥ ಹಳಿ ಚಂಡೀಗಢದಲ್ಲಿರುವ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯದಲ್ಲಿದೆ. ಎರಡನೆಯದು ತಯಾರಿಕೆಯದು. ಒಂದು ಕಂತಿನ ಸಿಡಿಮದ್ದಿನ ಕಾರ್ಟ್ರಿಜ್‌ಗಳಲ್ಲಿ ಕೆಲವನ್ನು ಸಿಡಿಸಿ, ಉಳಿದವನ್ನು ಒಪ್ಪುತ್ತಾರೆ. ನಮ್ಮ ಬೆಂಕಿಕಡ್ಡಿಗೆ ಸಿಕ್ಕ ಉತ್ತರ ಇದೇ: ಪೆಟ್ಟಿಗೆಯ ನಾಲ್ಕು ಕಡ್ಡಿ ಗೀರಿ ಮಿಕ್ಕವನ್ನು ನಂಬುವುದು. ಮೂರನೆಯದು ವಾಯುನೆಲೆಯ ಕಾರ್ಯಾಗಾರದ್ದು, ನನಗೆ ಎಲ್ಲಕ್ಕಿಂತ ಪ್ರೀತಿಯದು. ಸೀರೆಯ ನೆರಿಗೆ ಹಿಡಿದಷ್ಟು ಜತನದಿಂದ ಪ್ಯಾರಾಚೂಟ್ ಬಟ್ಟೆಯ ಮಡಿಕೆ ಕೂರಿಸಬೇಕು, ದಾರ ಗಂಟಾಗದಂತೆ ಜೋಡಿಸಬೇಕು. ತೇವ, ಬಿಸಿಲು ನೈಲಾನನ್ನು ಸದ್ದಿಲ್ಲದೆ ತಿನ್ನುತ್ತವೆ. ಅದಕ್ಕೇ ಪ್ರತಿ ಭಾಗಕ್ಕೂ ಆಯುಸ್ಸು ನಿಗದಿಯಾಗಿರುತ್ತದೆ; ಚೆನ್ನಾಗಿಯೇ ಕಂಡರೂ ಅವಧಿ ಮುಗಿದರೆ ತೆಗೆಯಲೇಬೇಕು.

ಈ ಸಹಿಗಳಿಗೆ ಬೆಲೆ ಇರಬೇಕಾದರೆ ಹಾರಿಸುವವರೂ ಪರೀಕ್ಷಿಸುವವರೂ ಬೇರೆಬೇರೆ ಇರಬೇಕು. 2006ರಲ್ಲಿ ಅಫ್ಘಾನಿಸ್ತಾನದಲ್ಲಿ ಬ್ರಿಟಿಷ್ ವಾಯುಪಡೆಯ ನಿಮ್ರಾಡ್ ವಿಮಾನಕ್ಕೆ ಬೆಂಕಿ ಬಿದ್ದು 14 ಜನ ಸತ್ತ ಮೇಲೆ ಬ್ರಿಟನ್ ಈ ಪಾಠ ಕಲಿತು, 2010ರಲ್ಲಿ ಪ್ರತ್ಯೇಕ ಮಿಲಿಟರಿ ವೈಮಾನಿಕ ಪ್ರಾಧಿಕಾರ ಕಟ್ಟಿತು. ಭಾರತದಲ್ಲಿ ವಿನ್ಯಾಸಕ್ಕೆ ಮಾನ್ಯತೆ ಕೊಡುವ ಸಂಸ್ಥೆ ಸೆಮಿಲ್ಯಾಕ್, ಅಂದರೆ ಸೇನಾ ವಿಮಾನಗಳ ಹಾರಾಟಯೋಗ್ಯತೆಯನ್ನು ಪ್ರಮಾಣೀಕರಿಸುವ ಕೇಂದ್ರ. ಅದು ನಮ್ಮ ಬೆಂಗಳೂರಿನ ಮಾರತ್ತಹಳ್ಳಿಯಲ್ಲೇ ಇದೆ. ತಯಾರಿಕೆಯ ಗುಣಮಟ್ಟ ನೋಡಿಕೊಳ್ಳುವುದು ಡಿಜಿಎಕ್ಯೂಎ ಎಂಬ ಇನ್ನೊಂದು ಸಂಸ್ಥೆ.

ಮುಂದಿನ ಸಲ ಯಲಹಂಕದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನಕ್ಕೆ ಹೋದಾಗ, ನಿಂತಿರುವ ವಿಮಾನದ ಕಾಕ್‌ಪಿಟ್ ಕಡೆ ಕಣ್ಣು ಹಾಯಿಸಿ. ಕೆಂಪು ಪಟ್ಟಿ ಕಟ್ಟಿದ ಸೇಫ್ಟಿ ಪಿನ್ನುಗಳು ಕಂಡಾವು. ಪಕ್ಕದಲ್ಲಿ ನಿಂತ ತಂತ್ರಜ್ಞರನ್ನು, ಈ ಪ್ಯಾರಾಚೂಟನ್ನು ಯಾರು ಮಡಿಸುತ್ತಾರೆ ಸರ್ ಎಂದು ಒಮ್ಮೆ ಕೇಳಿ ನೋಡಿ.