ಆಹಾರ, ಉಪ್ಪು ಮತ್ತು ರಕ್ತದ ಒತ್ತಡ

ವಯಸ್ಸಾದಂತೆ ಕೂದಲು ನರೆಯುವ ಹಾಗೆಯೇ ರಕ್ತದ ಒತ್ತಡವೂ ಏರುವುದು ಸಹಜವೆಂದು ನಮ್ಮ ಹಳ್ಳಿಗಳಲ್ಲಿ ಅನೇಕರು ತಿಳಿದಿರುವರು. ವೈದ್ಯರಲ್ಲಿಯೂ ಬಹುಕಾಲ ಈ ಅಭಿಪ್ರಾಯವಿದ್ದಿತು. ಆದರೆ ಪ್ರಪಂಚದ ಬೇರೆ ಬೇರೆ ಜನಾಂಗಗಳನ್ನು ಪರೀಕ್ಷಿಸಿ ನೋಡಿದಾಗ, ಇದು ಪ್ರಕೃತಿಯ ನಿಯಮವಲ್ಲವೆಂದೂ ಬಹುಮಟ್ಟಿಗೆ ಅಡುಗೆಮನೆಯಲ್ಲಿ ನಿರ್ಧಾರವಾಗುವ ವಿಷಯವೆಂದೂ ಕಂಡುಬಂದಿದೆ.

1988ರಲ್ಲಿ ಪ್ರಕಟವಾದ ‘ಇಂಟರ್‌ಸಾಲ್ಟ್’ ಎಂಬ ಸಮೀಕ್ಷೆಯಲ್ಲಿ 32 ದೇಶಗಳ 52 ಕಡೆ, 20ರಿಂದ 59 ವರ್ಷ ವಯಸ್ಸಿನ ಹತ್ತು ಸಾವಿರಕ್ಕೂ ಹೆಚ್ಚು ಸ್ತ್ರೀಪುರುಷರ ರಕ್ತದ ಒತ್ತಡವನ್ನು ಅಳೆದು, ಅವರ ಒಂದು ದಿನದ ಮೂತ್ರವನ್ನೆಲ್ಲ ಸಂಗ್ರಹಿಸಲಾಯಿತು. ತಿಂದ ಉಪ್ಪಿನ ಬಹುಭಾಗವು ಮೂತ್ರದಲ್ಲಿಯೇ ಹೊರಬೀಳುವುದರಿಂದ, ಬಾಯಿಮಾತನ್ನು ನಂಬದೆ ಲೆಕ್ಕ ಹಿಡಿಯಲು ಇದೇ ಸರಿಯಾದ ದಾರಿ. ಬ್ರೆಜಿಲ್ ದೇಶದ ಅಮೆಜಾನ್ ಕಾಡಿನ ಯಾನೊಮಾಮಿ ಜನರು ಅಡುಗೆಗೆ ಉಪ್ಪನ್ನೇ ಹಾಕುತ್ತಿರಲಿಲ್ಲ. ಬಾಳೆ, ಗೆಡ್ಡೆಗೆಣಸು, ಬೇಟೆಯ ಮಾಂಸ ಮತ್ತು ಮೀನು ಅವರ ಆಹಾರ. ಅವರ ಸರಾಸರಿ ರಕ್ತದ ಒತ್ತಡ ಸುಮಾರು 95/61 ಇದ್ದಿತು. ವಯಸ್ಸಾದವರಲ್ಲಿಯೂ ಅದು ಏರಿರಲಿಲ್ಲ.

ಅದು ಅವರ ವಂಶದ ಗುಣವಿರಬಾರದೇಕೆ ಎಂದು ಯಾರಾದರೂ ಕೇಳಬಹುದು. ಯೋಗ್ಯವಾದ ಪ್ರಶ್ನೆ. ಇದಕ್ಕೆ ಉತ್ತರ ಆಫ್ರಿಕದ ಕೀನ್ಯಾ ದೇಶದಲ್ಲಿ ದೊರೆಯಿತು. ಅಲ್ಲಿಯ ಲುವೋ ಜನಾಂಗದ ಹಳ್ಳಿಗರಲ್ಲಿ ರಕ್ತದ ಒತ್ತಡ ಕಡಿಮೆ. 1980ರ ದಶಕದಲ್ಲಿ ಹಳ್ಳಿ ಬಿಟ್ಟು ನೈರೋಬಿ ನಗರಕ್ಕೆ ಹೋದವರನ್ನು ಮತ್ತೆ ಮತ್ತೆ ಪರೀಕ್ಷಿಸಿದಾಗ ಕೆಲವೇ ತಿಂಗಳುಗಳಲ್ಲಿ ಅವರ ಒತ್ತಡ ಏರಿದ್ದಿತು. ಊಟದಲ್ಲಿ ಉಪ್ಪು ಹೆಚ್ಚಿ, ತರಕಾರಿ ಹಣ್ಣುಗಳಿಂದ ದೊರೆಯುವ ಪೊಟ್ಯಾಸಿಯಂ ಕಡಿಮೆಯಾಗಿದ್ದಿತು. ದೇಹದ ತೂಕವೂ ಹೆಚ್ಚಿದ್ದಿತು, ನಗರದ ಚಿಂತೆಯೂ ಸೇರಿರಬಹುದು. ಆದರೆ ವಂಶ ಮಾತ್ರ ಅದೇ.

ಉಪ್ಪಿನ ಜೊತೆಗೆ ಕೊಬ್ಬಿನ ವಿಷಯವನ್ನೂ ಹೇಳಬೇಕು. ಉತ್ತರ ಜಪಾನಿನ ಅಕಿತ ಪ್ರಾಂತದ ರೈತರು 1950ರ ದಶಕದಲ್ಲಿ ಉಪ್ಪಿನಲ್ಲಿ ಹಾಕಿಟ್ಟ ತರಕಾರಿ ಮತ್ತು ಸೋಯಾ ಹಿಟ್ಟಿನ ಸಾರಿನ ಮೂಲಕ ದಿನಕ್ಕೆ ತಲಾ 25 ಗ್ರಾಂಗೂ ಹೆಚ್ಚು ಉಪ್ಪನ್ನು ಸೇವಿಸುತ್ತಿದ್ದರು. ಲಕ್ವ ಹೊಡೆದು ಸಾಯುವವರು ಅಲ್ಲಿ ಬಹಳ. ಆದರೆ ಕೊಬ್ಬು ಕಡಿಮೆ ತಿನ್ನುವ ಜಪಾನೀಯರಲ್ಲಿ ಹೃದಯಾಘಾತ ವಿರಳ. ಅಮೆರಿಕದಲ್ಲಿ ನೆಲೆಸಿದ ಅವರ ಬಂಧುಗಳಲ್ಲಿ ಅದು ಹೆಚ್ಚಾಯಿತು. ಫಿನ್‌ಲೆಂಡಿನ ಉತ್ತರ ಕರೇಲಿಯದಲ್ಲಿ ಬೆಣ್ಣೆ, ಕೆನೆಹಾಲು ಮತ್ತು ಉಪ್ಪು ಮೂರೂ ಅತಿಯಾಗಿದ್ದವು. 1972ರಲ್ಲಿ ಆರಂಭವಾದ ಯೋಜನೆಯಲ್ಲಿ ಗೃಹಿಣಿಯರ ಸಂಘದವರು ವೈದ್ಯರೊಡನೆ ಸೇರಿ ಊರೂರಿನಲ್ಲಿ ಹೊಸ ಅಡುಗೆಯನ್ನು ಮಾಡಿ ಬಡಿಸಿದರು. ಸುಮಾರು ನಲವತ್ತು ವರ್ಷಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವುಗಳು ಶೇಕಡಾ 80ಕ್ಕಿಂತ ಹೆಚ್ಚು ಇಳಿದವು. ಧೂಮಪಾನ ಇಳಿದುದೂ ಚಿಕಿತ್ಸೆಯೂ ನೆರವಾದವು, ನಿಜ. ಆಹಾರದ ಪಾಲು ದೊಡ್ಡದು.

ಇನ್ನು ನಮ್ಮ ಮನೆಯ ಊಟ. ರಾಗಿಮುದ್ದೆ, ಸೊಪ್ಪು, ಕಾಳುಗಳಲ್ಲಿ ದೋಷವಿಲ್ಲ. ಸಾರಿಗೆ ಹಾಕಿದ ಉಪ್ಪು ಸಾಲದೆ ಎಲೆಯ ತುದಿಗೆ ಬಡಿಸುವ ಉಪ್ಪು, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆಯ ಉಪ್ಪು ಇವುಗಳಿಂದ ಲೆಕ್ಕ ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಂದರೆ ಒಂದು ಸಣ್ಣ ಚಮಚೆಯೊಳಗೆ, ಸಾಕು. ಅಳೆಯುವುದು ಸುಲಭ. ಪೊಟ್ಟಣ ಒಡೆದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿರಿ. ಐದು ಜನರ ಮನೆಗೆ ಒಂದು ಕಿಲೋ ಉಪ್ಪು ನಲವತ್ತು ದಿನ ಬರಬೇಕು; ಇಪ್ಪತ್ತು ದಿನಕ್ಕೆ ಮುಗಿದರೆ ತಲಾ 10 ಗ್ರಾಂ ಆಯಿತು. ದನಕರುಗಳಿಗೆ ಹಾಕುವ ಉಪ್ಪನ್ನು ಬೇರೆ ಇಡಿರಿ. ಸೈಂಧವ ಲವಣ ನಿರಪಾಯವೆಂಬುದು ತಪ್ಪು ತಿಳಿವಳಿಕೆ. ಅಯೋಡಿನ್ ಸೇರಿಸಿದ ಉಪ್ಪನ್ನೇ ಮಿತವಾಗಿ ಬಳಸಿರಿ.

ಬಲಗೈ ಬಿದ್ದುಹೋದ ನಲವತ್ತೈದು ವರ್ಷದ ರೈತರೊಬ್ಬರನ್ನು ಒಂದು ಸಂಜೆ ನಮ್ಮ ಆಸ್ಪತ್ರೆಗೆ ಕರೆತಂದಿದ್ದರು. ಮೈಯಲ್ಲಿ ಯಾವ ತೊಂದರೆಯೂ ತೋರದಿದ್ದುದರಿಂದ ಅವರು ಒತ್ತಡವನ್ನು ಎಂದೂ ಅಳೆಯಿಸಿರಲಿಲ್ಲ. ಉಪ್ಪಿನ ಮಾತು ಬಂದಾಗ ಅವರ ಪತ್ನಿ, “ಕಡಿಮೆ ಹಾಕಿದರೆ ತಟ್ಟೆ ನೂಕುತ್ತಾರೆ, ಸ್ವಾಮಿ” ಎಂದರು. ಆಕೆಯ ಒತ್ತಡವನ್ನು ಅಳೆದೆ. ಅದೂ ಹೆಚ್ಚಾಗಿಯೇ ಇದ್ದಿತು! ಇಬ್ಬರದೂ ಒಂದೇ ಪಾತ್ರೆಯ ಸಾರು. ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿದರೆ ನಾಲಗೆ ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಆ ಕೆಲವು ವಾರ ಗಂಡನಾದವನು ತಾಳ್ಮೆಯಿಂದಿರತಕ್ಕದ್ದು.

ಗರ್ಭಿಣಿಯರ ವಿಷಯ ಬೇರೆ. ಬಸುರಿನಲ್ಲಿ ಒತ್ತಡ ಏರಿದರೆ ಉಪ್ಪು ಬಿಡುವುದು ಚಿಕಿತ್ಸೆಯಲ್ಲ. ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಬರಬೇಕು. ಉಳಿದಂತೆ, ಮೂವತ್ತು ದಾಟಿದ ದಂಪತಿಗಳು ಇಬ್ಬರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದ ಒತ್ತಡವನ್ನು ಅಳೆಯಿಸಿಕೊಳ್ಳಿರಿ. ವೈದ್ಯರು ಕೊಟ್ಟ ಮಾತ್ರೆಯನ್ನು, ಉಪ್ಪು ಕಡಿಮೆ ಮಾಡಿದೆವೆಂದು, ನೀವಾಗಿಯೇ ನಿಲ್ಲಿಸಬೇಡಿರಿ.